ನಾಸಿಕದ ಶೆಡ್ಡಿನಲ್ಲಿ ನಾನಾಡಿದ ಮಾತು

ಎಂ.ಡಿ. ಮುಗಿಸಿ ಬಂದವಳಿಗೆ ಮೊದಲ ದಿನವೇ ಹೇಳಿದರು: ಇಲ್ಲಿ ನೀವು ಔಷಧಿ ಬರೆಯುವಂತಿಲ್ಲ. ಛತ್ರಪತಿ ಸಂಭಾಜಿನಗರದ ಆ ಆಸ್ಪತ್ರೆಯ ಹಿಂದೆ, ಬೇವಿನ ಮರದಡಿ, ಜನ ದೂರ ದೂರ ನಿಂತು ಡಬ್ಬಿಯೊಳಗೆ ಕಫ ಉಗುಳುತ್ತಿದ್ದರು. ಆ ಡಬ್ಬಿಗಳಿಗೆ ನಂಬರು ಹಚ್ಚಿ ಪ್ರಯೋಗಾಲಯಕ್ಕೆ ಒಯ್ಯುವುದು ನನ್ನ ಕೆಲಸ. ಕಲಬುರಗಿಯಲ್ಲಿ ರೋಗಿಯ ಕೈ ಹಿಡಿದು ನಾಡಿ ನೋಡುತ್ತಿದ್ದೆ. ಇಲ್ಲಿ ರೋಗಿ ಮನೆಗೆ ಹೋದ ಮೇಲೆ ನನ್ನ ದಿನ ಶುರುವಾಗುತ್ತಿತ್ತು. ವಾಸಿಯಾದ ಕ್ಷಯ ಯಾಕೆ ಮರುಕಳಿಸುತ್ತದೆ ಎಂಬುದು ನಮ್ಮ ಸಂಶೋಧನೆ, ಎರಡು ವರ್ಷದ ತರಬೇತಿ. "ಇನ್ನೂ ಓದೋದ ಮುಗಿಲಿಲ್ಲೇನ?" ಎಂದು ಅವ್ವ ಫೋನಿನಲ್ಲಿ ಕೇಳುತ್ತಾಳೆ.

ಟೀಬಿ ಡಾಕ್ಟರೆಂದು ತಿಳಿದು ಎರಡು ಮನೆಯವರು ಕೋಣೆ ಇಲ್ಲವೆಂದರು. ಚಿಕಲಠಾಣಾ ಬಡಾವಣೆಯ ಮೂರನೆಯ ಮನೆಯಲ್ಲಿ ಮಕ್ಕಳ ಡಾಕ್ಟರೆಂದು ಸುಳ್ಳು ಹೇಳಿದೆ. ಒಡತಿ ಕೊಡುವ ಭಾಕರಿ ನಮ್ಮ ಜೋಳದ ರೊಟ್ಟಿಯೇ, ತುಸು ದಪ್ಪ. ಹೊಟ್ಟೆಗೇನೂ ಕೊರತೆಯಿರಲಿಲ್ಲ, ಮಾತಿಗೆ ಮಾತ್ರ ಯಾರೂ ಇರಲಿಲ್ಲ.

ಹೀಗಿರುವಾಗ ಬೇವಿನ ಮರದಡಿ ಒಬ್ಬಳು "ಅಯ್ಯ, ಬರವಲ್ದು ನೋಡು" ಎಂದು ಡಬ್ಬಿಯ ಜೊತೆಗೇ ಜಗಳಕ್ಕೆ ನಿಂತಿದ್ದಳು. ಆಳಂದದ ಕಡೆಯ ಶಾಂತಮ್ಮ, ಕಟ್ಟಡದ ಕೂಲಿ. ನನಗೆ ಕಣ್ಣು ತುಂಬಿ ಬಂತು. ಅಂದಿನಿಂದ ಆಸ್ಪತ್ರೆಯ ವರಾಂಡದ ನಡುವೆಯೇ ನಿಂತು ಜೋರಾಗಿ ಮಾತಾಡುತ್ತಿದ್ದೆವು. ಸುತ್ತ ಮರಾಠಿ ಜನ. ಕನ್ನಡವೇ ನಮಗೆ ಬಾಗಿಲು ಹಾಕಿದ ಕೋಣೆ. ಗುಳಿಗೆ ತಪ್ಪಿತೇ, ರಕ್ತ ಬಿತ್ತೇ, ಎಲ್ಲವನ್ನೂ ಅಲ್ಲೇ ಕೇಳುತ್ತಿದ್ದೆ. ಅವಳದು ಒಂದೇ ಮಾತು: "ಅಕ್ಕಾರ, ನಮ್ಮ ಮಂದಿಗೆ ಗೊತ್ತಾಗಬಾರದ್ರಿ. ಕೆಲಸದಿಂದ ತಗದ ಹಾಕ್ತಾರ."

ಮೂರನೆಯ ತಿಂಗಳು ಅವಳು ಬರಲಿಲ್ಲ. ಮುಕಾದಮ, ಅಂದರೆ ಕೂಲಿಯವರನ್ನು ಕರೆತರುವ ಮೇಸ್ತ್ರಿ, ಇಡೀ ಗುಂಪನ್ನು ನಾಸಿಕಕ್ಕೆ ಒಯ್ದನೆಂದು ಹಳೆಯ ಸೈಟಿನ ಕಾವಲುಗಾರ ಹೇಳಿದ. ಆರು ತಿಂಗಳ ಗುಳಿಗೆ ಅರ್ಧಕ್ಕೆ ನಿಂತರೆ ರೋಗ ತಿರುಗಿ ಬೀಳುತ್ತದೆ. ಆಮೇಲೆ ಅದೇ ಗುಳಿಗೆ ನಾಟದೆ ಹೋಗಬಹುದು. ಗುಳಿಗೆಯ ಪೊಟ್ಟಣ ಹಿಡಿದು ಬಸ್ಸು ಹತ್ತಿದೆ.

ತಗಡಿನ ಶೆಡ್ಡುಗಳ ನಡುವೆ ಅವಳು ಬುಟ್ಟಿ ಹೊತ್ತು ಬರುತ್ತಿದ್ದಳು, ಮೊದಲಿಗಿಂತ ಬಡಕಲು. ಸಿಟ್ಟು, ಪ್ರೀತಿ ಎರಡೂ ಒಮ್ಮೆಗೇ ಉಕ್ಕಿ ದೂರದಿಂದಲೇ ಕೂಗಿದೆ: "ಶಾಂತಮ್ಮ, ಟೀಬಿ ಗುಳಿಗಿ ಯಾಕ ಬಿಟ್ಟೀರಿ? ಸಾಯಬೇಕಂತ ಮಾಡೀರೇನು?"

ಅಲ್ಲಿದ್ದವರೆಲ್ಲ ಆಳಂದದ ಕಡೆಯವರೇ. ರೊಟ್ಟಿ ಬಡಿಯುತ್ತಿದ್ದ ಹೆಂಗಸು ಕೂಸನ್ನು ತನ್ನತ್ತ ಎಳೆದುಕೊಂಡಳು. ಶಾಂತಮ್ಮ ಬುಟ್ಟಿ ಇಳಿಸಿದಳು.

"ಅಕ್ಕಾರ, ಇದು ಆಸ್ಪತ್ರಿ ಅಲ್ರಿ."

ಪೊಟ್ಟಣ ಅವಳ ಕೈಗಿಟ್ಟೆ. ಗುಳಿಗೆ ನುಂಗುತ್ತಿದ್ದರೆ ರೋಗ ಹರಡುವುದಿಲ್ಲವೆಂದು ಮುಕಾದಮನಿಗೆ ಬಿಡಿಸಿ ಹೇಳಿದೆ. ಅವನು ಕೈಮುಗಿದು ಕೇಳಿಸಿಕೊಂಡ, ಮರುದಿನವೇ ಅವಳನ್ನು ಊರಿಗೆ ಹೋಗೆಂದು ಹೊರಹಾಕಿದ. ಊರಿಗೆ ಅವಳು ಮುಟ್ಟಲೇ ಇಲ್ಲ. ನಾನೇ ಆಳಂದಕ್ಕೆ ಹೋಗಿ ವಿಚಾರಿಸಿ ಬಂದೆ. "ಸಂಪರ್ಕಕ್ಕೆ ಸಿಕ್ಕಿಲ್ಲ ಅಂತ ಬರೆದು ಮುಂದಕ್ಕೆ ಹೋಗಿ" ಎಂದರು ನನ್ನ ಗೈಡ್. ಬರೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಒಬ್ಬಳ ಜೀವವನ್ನೇ ಒಯ್ದಿರಬಹುದು.

ಕಳೆದ ವಾರ ಕನ್ನಡ ಮಾತಾಡುವ ಇಬ್ಬರು ಅಕ್ಕತಂಗಿಯರು ಆಸ್ಪತ್ರೆಗೆ ಬಂದಿದ್ದರು. ಅಕ್ಕನಿಗೆ ಖೋಕಲಾ, ಅಂದರೆ ಕೆಮ್ಮು; ಅದೊಂದು ಶಬ್ದ ಬಿಟ್ಟರೆ ಅವಳಿಗೆ ಮರಾಠಿ ಅಷ್ಟಕ್ಕಷ್ಟೇ. ನಾನು ಎಲ್ಲವನ್ನೂ ಮರಾಠಿಯಲ್ಲೇ, ನಿಧಾನವಾಗಿ, ಬಾಗಿಲು ಮುಚ್ಚಿ ಕೇಳಿದೆ. ಕನ್ನಡದಲ್ಲಿ ನನಗೆ ಸಲಿಗೆ ಜಾಸ್ತಿ, ಎಚ್ಚರ ಕಡಿಮೆ. ಅವಳು ತಂಗಿಯ ಕಡೆ ಬಾಗಿ, "ಮಾರಿ ನೋಡಿದ್ರ ನಮ್ಮ ಕಡೆಯಾಕಿ ಇದ್ದಂಗ ಅದಾಳ" ಎಂದಳು. ಆಮೇಲೆ ತಡವರಿಸುತ್ತ ನನ್ನನ್ನೇ ಮರಾಠಿಯಲ್ಲಿ ಕೇಳಿದಳು, ನೀವು ಎಲ್ಲಿಯವರು ಎಂದು.

"ಇಥಲೀಚ್" ಎಂದೆ. ಇಲ್ಲಿಯವಳೇ.