ಸಡಿಲವಾದ ಸ್ಟೆಮ್, ಯಾರೂ ಬರೆದುಕೊಳ್ಳದ ಮಾತು

ಕೊರೋನಾ ಮುಗಿದ ಮರುವರ್ಷದ ಮಾತು. ನಾನಾಗ ತಿಪಟೂರಿನ ಒಂದು ಆಸ್ಪತ್ರೆಯಲ್ಲಿ ಮೂಳೆ ವಿಭಾಗದ ಹಿರಿಯ ಸರ್ಜನ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಒಂದು ಸೋಮವಾರ ಬೆಳಿಗ್ಗೆ ಸಂಪಿಗೆ ಊರಿನ ಕಡೆಯ ರುದ್ರಮ್ಮ ಎಂಬ ಅರವತ್ತಾರು ವರ್ಷದ ಹೆಂಗಸನ್ನು ಆಂಬುಲೆನ್ಸಿನಲ್ಲಿ ಕರೆತಂದರು. ಜೊತೆಗೆ ಮಗ ಷಡಕ್ಷರಿ, ಅವನ ಕಂಕುಳಲ್ಲಿ ದಪ್ಪ ಫೈಲು.

ಏಳು ವರ್ಷದ ಹಿಂದೆ ದೊಡ್ಡ ಊರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಕೆಯ ಎಡ ಸೊಂಟದ ಕೀಲು ಬದಲಿಸಿದ್ದರು. ಹಾಗೆ ಬದಲಿಸುವಾಗ ತೊಡೆ ಮೂಳೆಯ ಟೊಳ್ಳಿನೊಳಗೆ ಗೇಣುದ್ದಕ್ಕಿಂತ ತುಸು ಚಿಕ್ಕದಾದ ಲೋಹದ ಕಂಬಿ ಇಳಿಸುತ್ತೇವೆ. ಅದೇ ಸ್ಟೆಮ್. ನಾಲ್ಕು ತಿಂಗಳ ಹಿಂದೆ ಬಚ್ಚಲ ಹೊಸಿಲಲ್ಲಿ ಕಾಲು ತಿರುಚಿ ಬಿದ್ದಾಗ ಆ ಸ್ಟೆಮ್‌ನ ಸುತ್ತಲಿನ ಮೂಳೆ ಮುರಿದಿತ್ತು. ಅದೇ ಆಸ್ಪತ್ರೆಯವರು ಪ್ಲೇಟ್ ಇಟ್ಟು ಸ್ಕ್ರೂ ಹಾಕಿ ಕೂಡಿಸಿದ್ದರು. ಈಗ ಆ ಪ್ಲೇಟೇ ಎರಡು ತುಂಡಾಗಿತ್ತು. ಎಲ್ಲರೂ ಕೇಳುತ್ತಿದ್ದುದು ಒಂದೇ: ಈಕೆ ಮತ್ತೆ ನಡೆಯುತ್ತಾಳೆಯೇ?

ಇಂಥ ಮುರಿತದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಸ್ಟೆಮ್ ಮೂಳೆಗೆ ಇನ್ನೂ ಕಚ್ಚಿಕೊಂಡಿದೆಯೇ, ಸಡಿಲವಾಗಿದೆಯೇ ಎಂಬುದು. ಕಚ್ಚಿಕೊಂಡಿದ್ದರೆ ಸಾಮಾನ್ಯವಾಗಿ ಪ್ಲೇಟ್ ಸಾಕು. ಸಡಿಲವಾಗಿದ್ದರೆ ಅದನ್ನು ತೆಗೆದು, ಮುರಿದ ಜಾಗವನ್ನು ದಾಟಿ ಕೆಳಗಿನ ಗಟ್ಟಿ ಮೂಳೆ ಹಿಡಿಯುವ ಉದ್ದನೆಯ ಸ್ಟೆಮ್ ಹಾಕಬೇಕು. ಸಡಿಲ ಸ್ಟೆಮ್ ಒಳಗಿಟ್ಟು ಹೊರಗೆ ಪ್ಲೇಟ್ ಹಾಕಿದರೆ ಪ್ರತಿ ಹೆಜ್ಜೆಯ ಭಾರವೂ ಪ್ಲೇಟಿನ ಮೇಲೆ ಬಿದ್ದು ಒಂದು ದಿನ ಅದು ತುಂಡಾಗುತ್ತದೆ. ಇದು ಎಂ.ಎಸ್. ಓದುವ ಹುಡುಗರಿಗೂ ಗೊತ್ತಿರುವ ವಿಷಯ.

"ಬಿದ್ದಿದ್ದು ಹೇಗಮ್ಮ?" ಎಂದು ಕೇಳಿದೆ.

"ಬಿದ್ದಿದ್ದು ಆಮ್ಯಾಕೆ ಕಣಪ್ಪ," ಎಂದರು ರುದ್ರಮ್ಮ. "ಕಾಲು ಕೆಟ್ಟಿದ್ದು ಅದಕ್ಕೂ ಮೊದ್ಲೆ. ಕಾಯೊಳಗೆ ಕೊಬ್ಬರಿ ಬುಟ್ಕಂಡಂಗೆ ಕಂಬಿ ಬುಟ್ಕಂಡೈತೆ ಅಂತ ವರ್ಷದಿಂದ ಹೇಳ್ತಾನೇ ಇದ್ದೆ."

"ಅವ್ವ, ಡಾಕ್ಟ್ರಿಗೆ ಕೊಬ್ಬರಿ ಪುರಾಣ ಬೇಡ, ಸುಮ್ನಿರು," ಎಂದ ಷಡಕ್ಷರಿ.

"ನೀನ್ ಸುಮ್ನಿರ್ಲಾ. ಅಟ್ಟದ ಮ್ಯಾಲಿರೋದ್ರಲ್ಲಿ ಯಾವ ಕಾಯಿ ಆಗೈತೆ ಅಂತ ನಿಂಗಿನ್ನೂ ಗೊತ್ತಾಗಲ್ಲ."

ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಸುಲಿಯದೆ ವರ್ಷದ ಹತ್ತಿರ ಅಟ್ಟದಲ್ಲಿಡುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮೊದಮೊದಲು ನೀರಿನ ಸದ್ದು. ನೀರು ಇಂಗಿದ ಮೇಲೆ ಕೆಲವು ಕಾಲ ಸದ್ದೇ ಇರುವುದಿಲ್ಲ, ತಿರುಳು ಚಿಪ್ಪಿಗೆ ಅಂಟಿಕೊಂಡಿರುತ್ತದೆ. ಕಡೆಗೆ ತಿರುಳು ಬಿಟ್ಟುಕೊಂಡು ಗಲಗಲ ಎನ್ನುತ್ತದೆ. ರುದ್ರಮ್ಮ ನಲವತ್ತು ವರ್ಷ ಮಾಡಿದ್ದು ಇದೇ ಕೆಲಸ. ಅಂಟಿದ್ದು ಯಾವುದು, ಬಿಟ್ಟಿದ್ದು ಯಾವುದು ಎಂದು ಹೇಳುವುದರಲ್ಲಿ ಆಕೆಗೆ ನಮ್ಮೆಲ್ಲರಿಗಿಂತ ಹೆಚ್ಚು ಅನುಭವವಿತ್ತು.

"ನೋವು ಯಾವಾಗ ಬರ್ತಿತ್ತು?"

"ಕುಂತು ಎದ್ದೇಟ್ಗೆ, ಮೊದಲ ನಾಕು ಹೆಜ್ಜೆ ಪ್ರಾಣ ಹೋಗೋದು. ಆಮ್ಯಾಕೆ ಕಮ್ಮಿ ಆಗೋದು."

ಸ್ಟೆಮ್ ಸಡಿಲವಾಗಿರುವುದರ ಲಕ್ಷಣವನ್ನು ನಮ್ಮ ಪಠ್ಯಗಳು ಹೇಳುವುದೂ ಹೀಗೆಯೇ.

ಫೈಲು ತೆರೆದೆ. ಬೀಳುವುದಕ್ಕೆ ಮುಂಚಿನ ಒಂದು ವರ್ಷದ ಐದು ಒಪಿಡಿ ಚೀಟಿಗಳಿದ್ದವು. ಒಂದರಲ್ಲಿ ತೂಕ ಇಳಿಸಲು ಹೇಳಿದ್ದರು, ಇನ್ನೊಂದರಲ್ಲಿ ನರದ ತೊಂದರೆ ಎಂದಿದ್ದರು. ನಾಲ್ಕನೆಯದರ ಮೇಲೆ ನಮ್ಮ ಆಸ್ಪತ್ರೆಯ ಸೀಲು, ನನ್ನ ಸಹಿ. "ತೊಡೆ ನೋವು. ವಯಸ್ಸಿನದು. ಮಾತ್ರೆ ಹದಿನೈದು ದಿನ." ಎಕ್ಸ್‌ರೇ ಬರೆದಿರಲಿಲ್ಲ. ಆಕೆಯನ್ನು ನೋಡಿದ ನೆನಪೂ ನನಗಿರಲಿಲ್ಲ. ನಾನು ಆ ಚೀಟಿಯನ್ನೇ ನೋಡುತ್ತಿರುವುದನ್ನು ಕಂಡು ರುದ್ರಮ್ಮ, "ಅವತ್ತು ನಿಮ್ಗೂ ಜನ ಜಾಸ್ತಿ ಇದ್ರು ಬುಡಿ," ಎಂದರು.

ಕೀಲು ಬದಲಿಸಿದಾಗಿನ ಎಕ್ಸ್‌ರೇಯನ್ನೂ ಮೂಳೆ ಮುರಿದ ದಿನದ್ದನ್ನೂ ಪಕ್ಕಪಕ್ಕ ಇಟ್ಟೆ. ಎರಡನೆಯದರಲ್ಲಿ ಸ್ಟೆಮ್ ಅರ್ಧ ಬೆರಳಿನಷ್ಟು ಕೆಳಗೆ ಕುಸಿದಿತ್ತು, ಸುತ್ತ ಸಡಿಲವಾದುದರ ಗುರುತಾದ ಕಪ್ಪು ಗೆರೆ. ಎರಡೂ ಅದೇ ಫೈಲಿನಲ್ಲಿದ್ದವು. ಪ್ಲೇಟ್ ಹಾಕಿದ ಸರ್ಜನ್‌ಗೆ ಫೋನ್ ಮಾಡಿದೆ.

"ಹಳೇ ಎಕ್ಸ್‌ರೇ ಪಕ್ಕದಲ್ಲಿಟ್ಟು ನೋಡಿದ್ರಾ?"

"ಮುರಿದಿದ್ದು ಮೂಳೆ ಸರ್, ಮೂಳೆ ಕೂಡಿಸಿದ್ವಿ."

"ಸಡಿಲ ಆಗಿದೆ ಅಂತ ಆಕೆ ಹೇಳಿದ್ರಂತಲ್ಲ?"

"ಹಳ್ಳಿಯವ್ರು ಏನೇನೋ ಅಂತಾರೆ ಸರ್. ಕೊಬ್ಬರಿ ಗಿಬ್ಬರಿ ಅಂತಿದ್ರು." ಅವರು ನಕ್ಕರು.

ಆ ನಗು ಇಂದಿಗೂ ನನ್ನ ಮೈ ಉರಿಸುತ್ತದೆ. ಅವರಿಗೆ ಮಾತು ಕೇಳಿಸಿತ್ತು, ನೆನಪಿನಲ್ಲೂ ಉಳಿದಿತ್ತು. ಆದರೂ ತೊಡೆ ಕುಯ್ದಾಗ ಸ್ಟೆಮ್ ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿರಲಿಲ್ಲ.

ರಕ್ತವನ್ನೂ ಕೀಲಿನ ನೀರನ್ನೂ ಪರೀಕ್ಷಿಸಿ ಒಳಗೆ ಕೀವಿಲ್ಲವೆಂದು ಖಚಿತಪಡಿಸಿಕೊಂಡೆವು. ಕೀವಿದ್ದರೆ ದಾರಿಯೇ ಬೇರೆಯಾಗುತ್ತಿತ್ತು. ಇಂಥ ಆಪರೇಷನ್‌ಗಳಲ್ಲಿ ನನಗಿಂತ ಪಳಗಿದ ಗೆಳೆಯರೊಬ್ಬರನ್ನು ತುಮಕೂರಿನಿಂದ ಕರೆಸಿದೆ. ಗಟ್ಟಿಯಾಗಿ ಕೂತ ಸ್ಟೆಮ್ ತೆಗೆಯಲು ಉಳಿ, ಸುತ್ತಿಗೆ ಹಿಡಿದು ಗಂಟೆಗಟ್ಟಲೆ ಹೆಣಗಬೇಕು. ಇದು ಎರಡು ಬೆರಳಿಗೆ ಎದ್ದು ಬಂತು. ಉದ್ದನೆಯ ಸ್ಟೆಮ್ ಇಳಿಸಿ, ಒಡೆದ ಮೂಳೆಯನ್ನು ತಂತಿಯಿಂದ ಬಿಗಿದು ಮುಗಿಸಲು ನಾಲ್ಕೂವರೆ ಗಂಟೆ ಹಿಡಿಯಿತು.

ಆರು ವಾರ ಆ ಕಾಲಿನ ಮೇಲೆ ಭಾರವಿಲ್ಲ, ಆಮೇಲೆ ವಾಕರ್, ಆಮೇಲೆ ಕೋಲು. ಎಂಟನೆಯ ತಿಂಗಳು ರುದ್ರಮ್ಮ ಕೋಲೂರಿಕೊಂಡು ನನ್ನ ಕೋಣೆಗೆ ನಡೆದೇ ಬಂದರು. ಚೀಲದಿಂದ ಒಂದು ಕಾಯಿ ತೆಗೆದು ಕೊಟ್ಟರು.

"ಅಲ್ಲಾಡ್ಸಿ ನೋಡಿ ಡಾಕ್ಟ್ರೇ. ಆಗೈತಾ?"

ಅಲ್ಲಾಡಿಸಿದೆ. "ಆಗಿದೆ," ಎಂದೆ.

ಆಕೆ ಅದನ್ನು ಕಿವಿಗೆ ಹಿಡಿದರು. "ಇನ್ನೂ ಒಂದ್ ಕಡೆ ಹಿಡ್ಕಂಡೈತೆ. ಎರಡು ತಿಂಗ್ಳು ಬೇಕು."

"ಒಪ್ಕಂಬುಡಿ ಸಾರ್," ಎಂದ ಷಡಕ್ಷರಿ. "ಅವ್ವನತ್ರ ಗೆಲ್ಲಕ್ಕಾಗಲ್ಲ."

ಅಂದಿನಿಂದ ನಿವೃತ್ತಿಯಾಗುವವರೆಗೂ ಚೀಟಿಯ ಮೊದಲ ಸಾಲಿನಲ್ಲಿ ರೋಗಿ ಹೇಳಿದ ಮಾತನ್ನು ಅವರದೇ ಕನ್ನಡದಲ್ಲಿ ಬರೆದೆ, ನನ್ನ ಅಭಿಪ್ರಾಯ ಆಮೇಲೆ. ಕಿರಿಯರಿಂದಲೂ ಬರೆಸಿದೆ. ವೃತ್ತಿ ನನಗೆ ಕಲಿಸಿದ ಪಾಠ ಇಷ್ಟೇ, ಅದೂ ತಡವಾಗಿ. ರುದ್ರಮ್ಮ ನಡೆಯುತ್ತಾರೆ, ಆದರೆ ಅಟ್ಟದ ಏಣಿ ಹತ್ತಲು ನಾನು ಬಿಟ್ಟಿಲ್ಲ. ಮನೆಯವರು ಕಾಯಿಗಳನ್ನು ಕುಕ್ಕೆಯಲ್ಲಿ ಇಳಿಸಿ ಆಕೆಯ ಮುಂದೆ ತಂದಿಡುತ್ತಾರೆ. ಆಕೆಗೆ ಏಣಿ ತಪ್ಪಿಸಿದ ಐದು ಚೀಟಿಗಳಲ್ಲಿ ನನ್ನ ಸಹಿಯಿರುವ ನಾಲ್ಕನೆಯದರ ಝೆರಾಕ್ಸ್ ನನ್ನ ಮನೆಯ ಮೇಜಿನ ಗಾಜಿನಡಿ ಇದೆ.