ಪಡುವಲಿಗೆ ಯಾರ ಹೊಲ

ಬಿ.ದುರ್ಗದಲ್ಲಿ ಬೆಳಗಿನ ಮೊದಲ ಬಸ್ಸು ಹತ್ತಿದಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಜೊತೆಗೆ ಮಗಳು ರತ್ನ ಇದ್ದಳು. ಅವಳು ಹೊಸದುರ್ಗದಲ್ಲಿ ಅಂಗನವಾಡಿ ಟೀಚರು, ಒಂದು ದಿನ ರಜೆ ಹಾಕಿ ಹಿಂದಿನ ಸಂಜೆಯೇ ಬಂದಿದ್ದಳು. ಹಿರಿಯೂರು ಕೋರ್ಟಿನಲ್ಲಿ ಆ ದಿನ ನನ್ನ ತಮ್ಮ ಈರಣ್ಣನ ಸಾಕ್ಷಿ ಇತ್ತು. ನನ್ನ ಸಾಕ್ಷಿ ಹಿಂದಿನ ಸಲವೇ ಮುಗಿದಿತ್ತು. ‘ಈ ಸಲ ನೀವು ಬರೋ ಅವಶ್ಯಕತೆ ಇಲ್ಲಮ್ಮ, ನಾನು ನೋಡ್ಕೊಳ್ತೀನಿ’ ಎಂದು ವಕೀಲರು ಫೋನಿನಲ್ಲಿ ಹೇಳಿದ್ದರು. ಬರುತ್ತೇನೆ ಎಂದೆ. ಅಪ್ಪ ನನಗೆ ಹೊಲ ಕೊಟ್ಟೇ ಇಲ್ಲ ಅಂತ ಹೇಳುವುದಾದರೆ ನನ್ನ ಮುಖ ನೋಡಿಕೊಂಡು ಹೇಳಲಿ.

ಹೊಲ ಇರುವುದು ಜವನಗೊಂಡನಹಳ್ಳಿಯ ಹತ್ತಿರ, ನನ್ನ ತವರಿನಲ್ಲಿ. ನನ್ನ ಮದುವೆಯ ದಿನ ಅಪ್ಪ ಚಪ್ಪರದ ಕೆಳಗೆ ಹತ್ತು ಜನರ ಮುಂದೆ ಅರಿಶಿಣ ಕುಂಕುಮಕ್ಕೆ ಅಂತ ಬಿಟ್ಟುಕೊಟ್ಟ ಹೊಲ ಅದು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹಾಗೆ ಕೊಡುತ್ತಿದ್ದರು. ಕಾಗದ ಗೀಗದ ಏನೂ ಇಲ್ಲ. ಆ ಹತ್ತು ಜನರಲ್ಲಿ ಈಗ ಒಬ್ಬರೂ ಉಳಿದಿಲ್ಲ. ಉಳುತ್ತಿದ್ದವನು ಈರಣ್ಣ. ಸುಗ್ಗಿ ಮುಗಿದ ಮೇಲೆ ಅದರಲ್ಲಿ ಬಂದ ಶೇಂಗಾನೋ ರಾಗಿಯೋ ನನ್ನ ಪಾಲಿನದನ್ನು ಬಸ್ಸಿನ ಮೇಲೆ ಹಾಕಿಸಿ ಕಳಿಸುತ್ತಿದ್ದ. ನಮ್ಮ ಯಜಮಾನರು ತೀರಿಕೊಂಡರು. ತಿಥಿ ಊಟದ ಪಂಕ್ತಿಯಲ್ಲಿ ಈರಣ್ಣನ ದೊಡ್ಡ ಮಗ ಮಂಜ ಎಲ್ಲರ ಎದುರಿಗೆ, ‘ಅರಿಶಿಣ ಕುಂಕುಮನೇ ಹೋತು, ಇನ್ನೆಲ್ಲಿ ಹೊಲ ಬಿಡ್ರಿ’ ಎಂದ. ಆ ವರ್ಷದಿಂದ ಚೀಲ ಬರುವುದು ನಿಂತಿತು. ಎರಡು ವರ್ಷ ಸುಮ್ಮನಿದ್ದೆ. ಆಮೇಲೆ ದಾವೆ ಹಾಕಿದೆ. ಗೆದ್ದರೆ ಯಾರಿಗೆ ಕೊಡುತ್ತೀಯ ಎಂದು ಎಲ್ಲರೂ ಕೇಳುತ್ತಾರೆ. ಹೊಲ ಬೇಕಾಗಿರುವುದು ನನಗೆ. ಕೊಡುವುದು ಬಿಡುವುದು ಆಮೇಲಿನ ಮಾತು.

ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ಇಳಿದು ಇಡ್ಲಿ ತಿಂದೆವು. ರತ್ನ ತಿಂದಳು, ನನಗೆ ಒಂದೇ ಇಡ್ಲಿ ಸಾಕಾಯಿತು. ಚಿತ್ರದುರ್ಗದ ಬಸ್ಸು ಅಂಗಡಿ ಸಾಮಾನು, ಕಾಲೇಜು ಹುಡುಗಿಯರು, ಸಂತೆಗೆ ಹೊರಟ ಎರಡು ಕುರಿಮರಿ ಎಲ್ಲ ಸೇರಿ ತುಂಬಿ ಹೋಗಿತ್ತು. ಮರಿಗಳ ಯಜಮಾನ ಕರಿ ಕಂಬಳಿ ಹೊದ್ದ ಮುದುಕ. ಮರಿ ನನ್ನ ಸೀರೆ ಸೆರಗು ಅಗಿಯಲು ನೋಡಿತು.

‘ಏನಪ್ಪ, ನಿನ್ ಮರಿಗೆ ಹಸಿರು ಸೀರೆ ಹುಲ್ಲಿನಂಗೆ ಕಾಣ್ತತೇನು?’ ಎಂದೆ.

‘ಕೋರ್ಟಿಗೆ ಹೊಂಟೀಯೇನವ್ವ?’ ಎಂದ ಅವನು.

‘ನಿಂಗೆ ಹೆಂಗೆ ಗೊತ್ತಾತು?’

‘ಮಡಿಕಿ ಗೆರೆ ಹೋಗದ ಸೀರೆ ಉಟ್ಟೀಯ, ಕೈಯಾಗೆ ಪ್ಲಾಸ್ಟಿಕ್ ಚೀಲದಾಗೆ ಕಾಗದ ಐತೆ, ಮಖದಾಗೆ ಕಳೆ ಇಲ್ಲ. ಆಸ್ಪತ್ರಿಗೆ ಹೋಗೋರು ಹಿಂಗೇ ಇರ್ತಾರೆ, ಆದ್ರೆ ಅವರು ಇಷ್ಟು ಜಗಳ ಆಡಲ್ಲ.’

ರತ್ನ ನಕ್ಕಳು. ಬೆಳಗಿನಿಂದ ಅವಳು ನಕ್ಕಿದ್ದು ಅದೊಂದೇ ಸಲ. ಮುದುಕ ಇಳಿದ ಮೇಲೆ ತಾನು ಹೇಳಬೇಕೆಂದಿದ್ದನ್ನು ಶುರು ಮಾಡಿದಳು.

‘ಅವ್ವ, ಈಗ್ಲೂ ಬಿಟ್ಬಿಡಾಣ. ಬರೋ ವರ್ಷ ನನ್ ಮಗಳ ಮದುವಿ ಮಾಡಬೇಕು. ಮಾವ ಬರದಿದ್ರೆ ಜನ ಏನಂತಾರೆ?’

‘ಜನ ಊಟ ಮಾಡ್ಕಂಡು ಹೋಗ್ತಾರೆ.’

‘ನಿಂಗೆ ತವರು ಬ್ಯಾಡಾ?’

‘ಆ ಹೊಲನೇ ಕಣೆ ನನ್ ತವರು. ಉಳಿದದ್ದೆಲ್ಲ ನಿನ್ ಮಾವನ ಮನಿ.’

ಹೀಗೆ ಬಾಯಿ ಮಾಡಿದೆನೇ ಹೊರತು ಒಳಗೆ ನನಗೂ ಅದೇ ಭಯ. ಈರಣ್ಣ ನನ್ನ ಬೆನ್ನ ಮೇಲೆ ಬೆಳೆದ ಹುಡುಗ. ಅವ್ವ ಕೂಲಿಗೆ ಹೋದರೆ ಅವನನ್ನು ಸೊಂಟಕ್ಕೆ ಕಟ್ಟಿಕೊಂಡು ನಾನು ಹಕ್ಕಿ ಕಾಯುತ್ತಿದ್ದೆ, ಅದೇ ಹೊಲದಲ್ಲಿ. ಅವನು ದೇವರ ಮೇಲೆ ಆಣೆ ಮಾಡಿ ಸುಳ್ಳು ಹೇಳುವುದನ್ನು ಕೇಳಿದ ಮೇಲೆ ಹೊಲ ಬಂದರೂ ಬರದಿದ್ದರೂ ಅವನನ್ನು ಮಾತಾಡಿಸಲು ನನ್ನಿಂದ ಆಗುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಚಿತ್ರದುರ್ಗದಿಂದ ಹಿರಿಯೂರಿಗೆ ದೊಡ್ಡ ರಸ್ತೆ. ಆ ವರ್ಷ ಅದನ್ನು ಅಗಲ ಮಾಡುತ್ತಿದ್ದರು. ದಾರಿಯುದ್ದಕ್ಕೂ ಕೆಂಪು ಧೂಳು, ಕಡಿದು ಮಲಗಿಸಿದ ಹುಣಸೆ ಮರಗಳು. ಎರಡು ಕಡೆ ಬಸ್ಸು ನಿಲ್ಲಿಸಿಬಿಟ್ಟರು. ಕಂಡಕ್ಟರನನ್ನು ಮೂರು ನಾಲ್ಕು ಸಲ ಟೈಮು ಕೇಳಿದೆ. ‘ಅಜ್ಜಿ, ನೀನು ಕೇಳಿದ್ರೆ ಗಡಿಯಾರ ನಿಲ್ತತಾ?’ ಎಂದ. ನಿಂತಿದ್ದರೆ ಒಳ್ಳೆಯದಿತ್ತು. ನಾನು ತಲುಪುವ ಮುಂಚೆ ಈರಣ್ಣ ಹೇಳಿ ಮುಗಿಸಿಬಿಟ್ಟರೆ ಎಂದು ನನ್ನ ಸಂಕಟ.

ಹಿರಿಯೂರಿನಲ್ಲಿ ಇಳಿದು ಆಟೋ ಹಿಡಿದೆವು. ಕೋರ್ಟು ಹಳೇ ಕಟ್ಟಡ. ಕಲ್ಲಿನ ಮೆಟ್ಟಿಲು, ಹೆಂಚಿನ ಮಾಡು, ಜಗಲಿಯ ತೊಲೆಯ ಮೇಲೆ ಪಾರಿವಾಳ. ಮೆಟ್ಟಿಲು ಜನರ ಕಾಲು ತಾಗಿ ತಾಗಿ ನಡುವೆ ತಗ್ಗು ಬಿದ್ದಿದೆ. ಬಾಗಿಲ ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ ಬಿಟ್ಟಿತ್ತು, ಟೈರಿನ ಅಟ್ಟೆಯದು. ಉಳಿದವರೆಲ್ಲ ಮೆಟ್ಟಿಕೊಂಡೇ ಒಳಗೆ ಹೋಗುತ್ತಿದ್ದರು. ಗುಡಿಗೆ ಹೋದಂತೆ ಚಪ್ಪಲಿ ಬಿಟ್ಟು ಹೋಗುವವನು ನಮ್ಮ ಈರಣ್ಣ ಒಬ್ಬನೇ. ಬಂದಿದ್ದಾನೆ ಎಂದು ಗೊತ್ತಾಯಿತು.

ಜಗಲಿಯ ಆ ತುದಿಯಲ್ಲಿ ಮಂಜನ ಜೊತೆ ಕೂತಿದ್ದ. ತಲೆಗೆ ಎಣ್ಣೆ, ಇಸ್ತ್ರಿ ಮಾಡಿದ ಅಂಗಿ. ನನ್ನನ್ನು ನೋಡಿ ಎದ್ದು ನಿಂತ. ಮಂಜ ಅವನ ಅಂಗಿ ಜಗ್ಗಿ ಕೂರಿಸಿದ. ನಾವು ಈ ತುದಿಯಲ್ಲಿ ಕೂತೆವು. ನಡುವೆ ಯಾವುದೋ ಊರಿನ ಹತ್ತು ಹದಿನೈದು ಜನ ಬೇರೆ ಯಾವುದೋ ಜಗಳಕ್ಕೆ ಬಂದಿದ್ದವರು ಮಂಡಕ್ಕಿ ತಿನ್ನುತ್ತಿದ್ದರು. ರತ್ನ ಮಾವನನ್ನು ನೋಡುವುದು, ನನ್ನನ್ನು ನೋಡುವುದು. ನಾನು ಪಾರಿವಾಳ ನೋಡಿದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಜವಾನ ಹೆಸರು ಕೂಗಿದ. ಒಳಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ. ಈರಣ್ಣ ಕಟಕಟೆಯಲ್ಲಿ ನಿಂತು ದೇವರ ಮೇಲೆ ಪ್ರಮಾಣ ಮಾಡಿದ. ಹಿಂದೆ ಬರೆದು ಕೊಟ್ಟಿದ್ದು ನಿಜ ತಾನೆ ಎಂದು ಕೇಳಿದರು. ‘ನಿಜ ಸ್ವಾಮಿ’ ಎಂದ. ಅದರಲ್ಲಿ ಬರೆದಿದ್ದು ಅಪ್ಪ ನನಗೆ ಯಾವ ಹೊಲವನ್ನೂ ಕೊಟ್ಟಿಲ್ಲ ಎಂದು. ಆಮೇಲೆ ನಮ್ಮ ವಕೀಲರು ಎದ್ದು ಅದನ್ನೇ ಬಾಯಿಬಿಟ್ಟು ಕೇಳಿದರು.

‘ನಿಮ್ಮ ತಂದೆ ಅಕ್ಕನಿಗೆ ಹೊಲ ಬಿಟ್ಟುಕೊಟ್ಟಿದ್ರು ಅಲ್ವಾ?’

ಈರಣ್ಣ ಗೋಡೆಯ ಗಡಿಯಾರ ನೋಡಿದ. ‘ಇಲ್ಲ’ ಎಂದ.

ಅಷ್ಟೇ. ನಾನು ಏನೇನೋ ಆಗುತ್ತದೆ ಎಂದುಕೊಂಡಿದ್ದೆ. ಫ್ಯಾನು ತಿರುಗುತ್ತಲೇ ಇತ್ತು, ಟೈಪು ಮಾಡುವ ಹೆಣ್ಣುಮಗಳು ಟೈಪು ಮಾಡಿದಳು. ರತ್ನ ನನ್ನ ಮೊಣಕೈ ಹಿಡಿದುಕೊಂಡಳು. ಬಿಡೇ ಎಂದು ಕೊಸರಿಕೊಂಡೆ.

ವಕೀಲರು ಇನ್ನೂ ಏನೇನೋ ಕೇಳಿದರು. ಎಲ್ಲದಕ್ಕೂ ಇಲ್ಲ, ಗೊತ್ತಿಲ್ಲ. ಯಾರೋ ಉರು ಹೊಡೆಸಿ ಕಳಿಸಿದ ಹಾಗಿತ್ತು. ಕೊನೆಗೆ ಅವರು ಕಾಗದ ತಿರುವುತ್ತಾ, ‘ನಿಮ್ಮ ಸ್ವಂತದ ಹೊಲ ಒಂದು ಅದರ ಪಕ್ಕದಲ್ಲೇ ಇದೆಯಲ್ಲ, ಬೇವಿನಮರದ ಹೊಲ? ಅದರ ಚೆಕ್ಕುಬಂದಿ ಹೇಳಿ’ ಎಂದರು. ಚೆಕ್ಕುಬಂದಿ ಅಂದರೆ ಹೊಲದ ನಾಲ್ಕು ದಿಕ್ಕಿಗೂ ಏನಿದೆ ಅನ್ನುವುದು. ಇದನ್ನು ಈರಣ್ಣನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾಗಿಯೂ ಇರಲಿಲ್ಲ. ನನ್ನ ಮದುವೆಯಾದ ಮೇಲೂ ನಮ್ಮಪ್ಪ ನಮ್ಮಿಬ್ಬರನ್ನೂ ಬದುವಿನ ಮೇಲೆ ನಿಲ್ಲಿಸಿ ಬಾಯಿಪಾಠ ಮಾಡಿಸುತ್ತಿದ್ದ, ಮಗ್ಗಿಯ ಹಾಗೆ. ಈರಣ್ಣ ಮೊದಲ ಸಲ ಗಡಿಯಾರದಿಂದ ಕಣ್ಣು ತೆಗೆದ. ಮೈ ಸಡಿಲ ಬಿಟ್ಟು, ಒಂದೇ ಉಸಿರಿಗೆ ಹೇಳಿದ.

‘ಮೂಡ್ಲಿಗೆ ಹಳ್ಳ, ತೆಂಕ್ಲಿಗೆ ಬಂಡಿ ದಾರಿ, ಬಡಗ್ಲಿಗೆ ಗೌಡ್ರ ಹೊಲ, ಪಡುವ್ಲಿಗೆ ಅಕ್ಕನ ಹೊಲ.’

ನಮ್ಮ ವಕೀಲರು ಕಾಗದ ತಿರುವುವುದನ್ನು ನಿಲ್ಲಿಸಿದರು.

‘ಪಡುವ್ಲಿಗೆ ಯಾರ ಹೊಲ ಅಂದ್ರಿ?’

‘ಅಕ್ಕನ ಹೊಲ.’

‘ಯಾವ ಅಕ್ಕ?’

ಅವನಿಗೆ ಇನ್ನೂ ತಿಳಿದಿರಲಿಲ್ಲ. ಇದೆಂಥ ಪ್ರಶ್ನೆ ಅನ್ನುವವನ ಹಾಗೆ ನನ್ನ ಕಡೆ ಕೈ ತೋರಿಸಿದ. ‘ಇವ್ಳೇ ಸ್ವಾಮಿ. ನಂಗೆ ಇನ್ಯಾವ ಅಕ್ಕ ಐದಾಳೆ?’

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವನ ವಕೀಲರು ದಡಕ್ಕನೆ ಎದ್ದು, ಊರಲ್ಲಿ ಸುಮ್ಮನೆ ಹಾಗೆ ಕರೆಯುವುದು, ಅದನ್ನು ಬರೆಸಬಾರದು ಎಂದರು. ಜಡ್ಜ್ ಸಾಹೇಬರು ಕನ್ನಡಕದ ಮೇಲಿಂದ ಈರಣ್ಣನನ್ನು ನೋಡಿ, ‘ಅವರು ಹೇಳಿದ ಹಾಗೇ ಬರ್ಕೊಳ್ಳಿ’ ಎಂದರು. ಈಗ ಈರಣ್ಣನಿಗೆ ತಿಳಿಯಿತು. ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಅಂಗಿಯ ಕಂಕುಳು ನೆನೆದಿತ್ತು. ಅವನ ವಕೀಲರು ಇವನನ್ನೇ ಮತ್ತೆ ಕೇಳುವುದಿದೆ, ದಿನ ಕೊಡಬೇಕು ಎಂದು ಬೇಡಿ ಮುಂದಿನ ತಿಂಗಳಿಗೆ ಹಾಕಿಸಿಕೊಂಡರು.

ಹೊರಗೆ ಬಂದ ಮೇಲೆ, ‘ಗೆದ್ದಂಗಾ ಸಾರ್?’ ಎಂದು ರತ್ನ ಕೇಳಿದಳು. ವಕೀಲರು ತಲೆ ಆಡಿಸಿದರು. ‘ಅಷ್ಟು ಸುಲಭ ಇಲ್ಲಮ್ಮ. ಸಿಕ್ಕಿದ್ದು ಒಂದು ಮಾತು. ಬಾಯಿ ತಪ್ಪಿ ಅಂದೆ ಅಂತ ಮುಂದಿನ ಸಲ ಅವನು ತಿದ್ದಿ ಹೇಳಬಹುದು. ಹೇಳಿಸ್ತಾರೆ.’

ಕೋರ್ಟಿನ ಅಂಗಳದ ಹುಣಸೆ ಮರದ ಕೆಳಗೆ ಮಂಜ ಅಪ್ಪನನ್ನು ಬೈಯುತ್ತಿದ್ದ. ‘ಲೇ ಮುದ್ಯಾ, ಒಂದ್ ಮಾತು ನೆಟ್ಟಗೆ ಬರಲ್ಲೇನ್ ನಿನ್ ಬಾಯಾಗೆ? ಅಕ್ಕನ ಹೊಲ ಅಂತೆ ಅಕ್ಕನ ಹೊಲ!’ ನೋಡುತ್ತಿದ್ದಂತೆ ಬೈಕು ಒದ್ದು ಹೊರಟೇಹೋದ. ಈರಣ್ಣ ಅದೇ ದಿಕ್ಕಿಗೆ ಬರಿಗಾಲಲ್ಲಿ ನಡೆದ. ಎರಡು ಗಂಟೆಯ ಬಿಸಿಲು, ಡಾಂಬರು ಮೆತ್ತಗಾಗಿತ್ತು. ಚಪ್ಪಲಿ ಬಾಗಿಲ ಪಕ್ಕದಲ್ಲೇ ಇತ್ತು. ಎತ್ತಿಕೊಂಡೆ.

‘ಅವ್ವ, ನಾನು ಹಿಡ್ಕಂತೀನಿ ತಾ’ ಎಂದಳು ರತ್ನ.

‘ಬ್ಯಾಡ, ನಿನ್ ಕೈಯಾಗೆ ರೊಟ್ಟಿ ಗಂಟು ಐತೆ.’

ಬಸ್ ಸ್ಟ್ಯಾಂಡಿನಲ್ಲಿ ಅವನು ಶಿರಾ ಕಡೆಯ ಬಸ್ಸಿಗೆ ನಿಂತಿದ್ದ. ನಾವು ಹೊಸದುರ್ಗದ ಬಸ್ಸಿಗೆ. ಹೋಗಿ ಅವನ ಮುಂದೆ ಚಪ್ಪಲಿ ಹಾಕಿದೆ.

‘ಮೆಟ್ಕಳೋ. ಕಾಲು ಸುಟ್ಕಂಡು ಯಾರಿಗೆ ತೋರಿಸ್ಬೇಕು?’

ಅವನು ಮೆಟ್ಟಲಿಲ್ಲ. ಬಗ್ಗಿ ಕೈಗೆತ್ತಿಕೊಂಡ. ನಾನು ಹೊತ್ತು ತಂದ ಚಪ್ಪಲಿಗೆ ಕಾಲು ಹಾಕಲು ಅವನಿಗೆ ಆಗಲಿಲ್ಲ ಎಂದು ಕಾಣುತ್ತದೆ. ‘ಉಂಡ್ರೇನು?’ ಎಂದ. ಇಲ್ಲ ಎಂದೆ. ರತ್ನ ರೊಟ್ಟಿ ಬಿಚ್ಚಿ ಅವನಿಗೆ ಎರಡು ಕೊಟ್ಟಳು, ಮೇಲೆ ಶೇಂಗಾ ಚಟ್ನಿ. ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತೇ ತಿಂದ.

‘ಗೆದ್ರೆ ಏನ್ ಮಾಡ್ತೀಯಕ್ಕ?’ ಎಂದ.

‘ಉಳ್ತೀನಿ.’

‘ಎತ್ತು?’

‘ನಿನ್ವು ಅವಲ್ಲ.’

ನಗು ಬಂತು ಅವನಿಗೆ, ನುಂಗಿಕೊಂಡ. ನಮ್ಮ ಬಸ್ಸು ಬಂತು. ರತ್ನ ಹತ್ತಿ ಸೀಟು ಹಿಡಿದಳು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಹಿಂದಿನಿಂದ ಮೆಲ್ಲಗೆ ಹೇಳಿದ.

‘ಅಕ್ಕ, ಮುಂದಿನ ಸಲ ನೀನು ಬರಬ್ಯಾಡ.’

ತಿರುಗಿ ನೋಡಿದೆ. ಅವನು ನೆಲ ನೋಡುತ್ತಿದ್ದ. ‘ದೂರ ಆಗ್ತತೆ ನಿಂಗೆ’ ಎಂದು ಸೇರಿಸಿದ.

‘ಬರ್ತೀನಿ ಕಣೋ’ ಎಂದೆ. ‘ಮುಂದಿನ ಬೆಂಚಿನಾಗೇ ಕುಂತ್ಕಂತೀನಿ.’

ಕಂಡಕ್ಟರು ಸೀಟಿ ಊದಿದ. ಕಿಟಕಿಯಿಂದ ನೋಡಿದರೆ ಅವನು ಚಪ್ಪಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಶಿರಾ ಬಸ್ಸು ಬಂದು ಅವನ ಮುಂದೆ ನಿಂತಿತು, ಆಮೇಲೆ ಕಾಣಲಿಲ್ಲ.

ಹೊಸದುರ್ಗದಲ್ಲಿ ರತ್ನ ಇಳಿದಳು. ರಾತ್ರಿ ಉಳಿದುಕೋ ಎಂದಳು, ಎಮ್ಮೆ ಇದೆ ಎಂದೆ. ಹೊಳಲ್ಕೆರೆ ಬಸ್ಸಿನಲ್ಲಿ ಒಬ್ಬಳೇ ಬಂದೆ. ರಾಮಗಿರಿ ಗುಡ್ಡದ ಕಡೆ ಹೊತ್ತು ಇಳಿಯುತ್ತಿತ್ತು. ಹೊಲದ ಯೋಚನೆ ಒಂದು ಕಡೆ, ಮನೆಯಲ್ಲಿ ಮಕ್ಕಳು ಅವನಿಗೆ ಉಣ್ಣಲು ಇಟ್ಟರೋ ಇಲ್ಲವೋ ಎನ್ನುವುದು ಒಂದು ಕಡೆ. ಎರಡೂ ಬಿಡಲಿಲ್ಲ.

ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ, ಬಿ.ದುರ್ಗದಲ್ಲಿ ಇಳಿಯುವಾಗ ಡ್ರೈವರನನ್ನು ಕೇಳಿದೆ, ಬೆಳಗಿನ ಮೊದಲ ಬಸ್ಸು ಬರುವ ತಿಂಗಳೂ ಇದೇ ಟೈಮಿಗೆ ಇರುತ್ತದೇನಪ್ಪ ಎಂದು.

‘ಇರ್ತತೆ ಅಜ್ಜಿ. ಯಾಕೆ?’

‘ತಡ ಆಗಬಾರದು ನಂಗೆ’ ಎಂದೆ.