ತುದೋರಿತ್ಸಾಳ ಆರು ದಿನ

ತುದೋರಿತ್ಸಾ ಚೆರ್ನಾತ್ ಹನ್ನೊಂದು ವರ್ಷ ಹೊಲದ ಗಾಳಿ ಹಿಡಿದಳು. ಮಣ್ಣಿನಲ್ಲಿ ಅರ್ಧ ಹೂತ ಉಕ್ಕಿನ ಬಳೆ, ಅದರ ಮೇಲೆ ಬಕೆಟ್ಟಿನಂಥ ಮುಚ್ಚಳ, ಮುಚ್ಚಳಕ್ಕೊಂದು ರಬ್ಬರ್ ಬಿರಡೆ. ಇಪ್ಪತ್ತು ನಿಮಿಷಕ್ಕೊಮ್ಮೆ ಸಿರಿಂಜು ಚುಚ್ಚಿ ಒಳಗಿನ ಗಾಳಿ ಎಳೆದು, ಹೆಬ್ಬೆರಳಿನಷ್ಟು ದಪ್ಪದ ಸೀಸೆಗೆ ತುಂಬಿ, ಮೇಲೆ ತಾರೀಖು ಬರೆಯಬೇಕು. ಆಕೆ ಇದನ್ನೆಲ್ಲ ಮೊಣಕಾಲೂರಿ ಮಾಡುತ್ತಿದ್ದಳು. ಮಳೆ ಬಂದ ದಿನ ನಾವೆಲ್ಲ ಒಳಗೆ ಓಡಿದರೆ ಆಕೆ ಹೊರಗೆ ಓಡುತ್ತಿದ್ದಳು.

ನಮ್ಮದು ಬರಗಾನ್ ಬಯಲಿನ ವಿಶೀನಿ ಊರಿನ ಕೃಷಿ ಕೇಂದ್ರ. ಅಲ್ಲಿ ಎಲ್ಲರಿಗೂ ಆಕೆ 'ತ್ಸಾತ್ಸಾ', ಅಂದರೆ ಅಕ್ಕ. ನಾನು ಇಯೋರ್ಗು, ಆಕೆಗಿಂತ ಇಪ್ಪತ್ತು ವರ್ಷ ಚಿಕ್ಕವನು, ಕಂಪ್ಯೂಟರಿನ ಮುಂದೆ ಕೂರುವವನು. ನಮ್ಮ ಕಡೆ ರಾಪಿತ್ಸಾ ಬೆಳೆಯುತ್ತಾರೆ. ಸಾಸಿವೆಯ ದಾಯಾದಿ, ಹಳದಿ ಹೂ. ಅದರ ಎಣ್ಣೆಯಿಂದ ಡೀಸೆಲ್ ಮಾಡುತ್ತಾರೆ. ನೆಲದಡಿಯಿಂದ ಬಂದ ಡೀಸೆಲ್ಲಿಗಿಂತ ಇದು ಎಷ್ಟು ಒಳ್ಳೆಯದು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಬೀಜ, ಯೂರಿಯಾ ಕಾರ್ಖಾನೆಯ ಹೊಗೆ, ಟ್ರ್ಯಾಕ್ಟರ್ ಕುಡಿದ ಎಣ್ಣೆ, ಕಾಳು ಒಣಗಿಸುವ ಬೆಂಕಿ, ಗಾಣ, ಟ್ಯಾಂಕರ್ ಎಲ್ಲವನ್ನೂ ಕೂಡಿಸಬೇಕು. ಹಾಗೆ ಕೂಡಿ ಬಂದ ಹೊಗೆಯ ಅಂಕ ನೆಲದಡಿಯ ಡೀಸೆಲ್ಲಿಗೆ ತೊಂಬತ್ತನಾಲ್ಕು. ನಮ್ಮದು ಅದರ ಅರ್ಧ, ಅಂದರೆ ನಲವತ್ತೇಳು ದಾಟಕೂಡದು. ದಾಟಿದರೆ ಅದು ಹಸಿರು ಇಂಧನವಲ್ಲ, ಬರೀ ಅಡುಗೆ ಎಣ್ಣೆ, ದರವೂ ಕಡಿಮೆ.

ಈ ಕೂಡಿಕೆಯಲ್ಲಿ ಮೋಸದ ಮೂಲೆ ಒಂದಿದೆ. ಯೂರಿಯಾ ತಿಂದ ಮಣ್ಣು ಮಳೆಯಲ್ಲಿ ನೆಂದಾಗ ನೈಟ್ರಸ್ ಆಕ್ಸೈಡ್ ಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ, ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಮಾಮೂಲಿ ಹೊಗೆಗಿಂತ ಇನ್ನೂರೆಪ್ಪತ್ತು ಪಟ್ಟು ಜೋರು. ಹೆಚ್ಚಿನವರು ಪುಸ್ತಕದಲ್ಲಿ ಕೊಟ್ಟ ಸರಾಸರಿಯನ್ನೇ ಹಾಕಿ ಕೈತೊಳೆದುಕೊಳ್ಳುತ್ತಾರೆ. ನಮ್ಮಲ್ಲಿ ತ್ಸಾತ್ಸಾ ಇದ್ದಳು.

ಆ ವರ್ಷ ಏಪ್ರಿಲ್‌ನಲ್ಲಿ ಯೂರಿಯಾ ಹಾಕಿದ ಮೂರನೇ ದಿನಕ್ಕೆ ಮಳೆ ಹಿಡಿದು ಆರು ದಿನ ಬಿಡಲಿಲ್ಲ. ಆರೂ ದಿನ ಆಕೆ ಹೊಲದಲ್ಲಿದ್ದಳು. ಅಳತೆ ಆಕಾಶಕ್ಕೆ ಹಾರಿತು. ಡೈರೆಕ್ಟರ್ ಬಲಬನ್ ನನ್ನ ಪರದೆಗೆ ಬಗ್ಗಿ ನೋಡಿದರು.

"ಇದೇನಯ್ಯಾ ಇದು, ಬಯಲಲ್ಲಿ ಬೆಟ್ಟ?"

"ಮಳೆ ಬಂದಿತ್ತಲ್ಲ ಸಾರ್."

"ಸಿರಿಂಜಿಗೆ ನೀರು ಹೋಗಿರ್ಬೇಕು. ಉಳಿದವಕ್ಕೆ ಹೊಂದದೇ ಇರೋ ಅಂಕಿ ಇಟ್ಕೊಂಡು ಏನ್ ಮಾಡ್ತೀಯ? ತೆಗಿ. ಬೆಳೆ ಕೊಳ್ಳೋ ಎಣ್ಣೆ ಗಿರಣಿಯವರು ಮುಂದಿನ ವಾರ ಬರ್ತಾರೆ."

ನಾನು ತೆಗೆದೆ. ಯಾರೂ ನನ್ನ ಕೈ ಹಿಡಿದು ಒತ್ತಿಸಲಿಲ್ಲ. ಅಂಕ ಮೂವತ್ತೊಂಬತ್ತಕ್ಕೆ ಇಳಿಯಿತು. ಬಲಬನ್ ನನ್ನ ಬೆನ್ನು ತಟ್ಟಿದರು.

ವರದಿಗೆ ಅಳತೆ ಮಾಡಿದವರ ಸಹಿ ಬೇಕಿತ್ತು. ತ್ಸಾತ್ಸಾ ಕನ್ನಡಕ ಏರಿಸಿಕೊಂಡು ಬೆರಳಿಟ್ಟು ತಾರೀಖುಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ನಾನು ಹೊಲಕ್ಕೆ ಹೋಗಿದ್ದು ಇಪ್ಪತ್ತಾರು ದಿನ. ಇಲ್ಲಿರೋದು ಇಪ್ಪತ್ತು. ನನ್ನ ಆರು ದಿನ ಎಲ್ಲಯ್ಯಾ, ಇಯೋರ್ಗು?"

ನನ್ನ ಪಕ್ಕ ನಿಂತಿದ್ದ ಬಲಬನ್ ನಕ್ಕರು. "ಅವು ದೋಷದ ಅಂಕಿ ತ್ಸಾತ್ಸಾ. ಸಿರಿಂಜಲ್ಲಿ ನೀರು."

"ನೀರಾ? ಡೈರೆಕ್ಟರ್ ಸಾಹೇಬ್ರೇ, ಆ ಆರು ದಿನ ನೀವು ನಿಮ್ಮ ಕಿಟಕಿ ಕೂಡ ತೆಗೀಲಿಲ್ಲ. ನನ್ನ ಸಿರಿಂಜಿನ ಸಮಾಚಾರ ನಿಮಗೆ ಹೇಳಿದ್ಯಾರು?"

ಸಹಿ ಹಾಕುವ ಜಾಗದಲ್ಲಿ ಆಕೆ ದಪ್ಪ ಅಕ್ಷರದಲ್ಲಿ 'ಇದು ನನ್ನ ಅಳತೆಯಲ್ಲ' ಎಂದು ಬರೆದು ಹೊರಟುಹೋದಳು. ಬಲಬನ್ ಆ ಹಾಳೆ ಹರಿದು ಹೊಸದು ತೆಗೆಸಿದರು. ಅದರ ಮೇಲೆ ಸಹಿ ಹಾಕಿದವನು ನಾನು. ಮರುದಿನದಿಂದ ತ್ಸಾತ್ಸಾಳನ್ನು ಬೀಜದ ಗೋದಾಮಿಗೆ ಹಾಕಿದರು. ಆಕೆ ಬೆಳಿಗ್ಗೆ ಚೀಲಗಳಿಗೆ ಚೀಟಿ ಅಂಟಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಸೈಕಲ್ ಹತ್ತಿ ಹೊಲಕ್ಕೆ ಹೋಗುತ್ತಿದ್ದಳು. ಬ್ರೆಡ್ಡು, ಚೀಸು, ಸೀಸೆಗಳು ಎಲ್ಲ ಒಂದೇ ಚೀಲದಲ್ಲಿ.

"ಯಾರು ಹೇಳಿದ್ರು ಹೋಗೋಕೆ?" ಎಂದು ಬಲಬನ್ ಬಾಗಿಲಲ್ಲೇ ತಡೆದು ಕೇಳಿದರು.

"ಊಟದ ಹೊತ್ತು ನಂದು. ನಾನು ಎಲ್ಲಾದ್ರೂ ಕೂತು ತಿಂತೀನಿ. ಬಳೆ ಪಕ್ಕ ಕೂತ್ರೆ ನಿಮಗೇನು?"

ಜೂನ್‌ನಲ್ಲಿ ಊರಿನ ಸಾಂಸ್ಕೃತಿಕ ಭವನದಲ್ಲಿ ಸಭೆ. ರೈತರೆಲ್ಲ ಬಂದಿದ್ದರು. ಗಿರಣಿಯವರು ಮುಂದಿನ ಸಾಲಿನಲ್ಲಿ ಕೂತಿದ್ದರು. ತ್ಸಾತ್ಸಾಳ ತಮ್ಮ ಪಾಂದೆಲೆಯೂ ಬಂದಿದ್ದ. ನಮ್ಮ ಬಳೆಗಳಲ್ಲಿ ಅರ್ಧ ಇದ್ದದ್ದು ಅವನ ಹೊಲದಲ್ಲೇ. ಬಲಬನ್ ಪರದೆಯ ಮೇಲೆ ಮೂವತ್ತೊಂಬತ್ತು ತೋರಿಸಿದರು. ಪಕ್ಕದಲ್ಲಿ ಕಂಪ್ಯೂಟರ್ ನಡೆಸುತ್ತಿದ್ದವನು ನಾನು. ಚಪ್ಪಾಳೆ ಬಿತ್ತು. ಚಪ್ಪಾಳೆ ಮುಗಿಯುವ ಮುಂಚೆ ಹಿಂದಿನಿಂದ ಕುರ್ಚಿ ಸರಿದ ಸದ್ದು.

"ಅದು ಸುಳ್ಳು," ಎಂದಳು ತ್ಸಾತ್ಸಾ. "ಆರು ದಿನ ತೆಗೆದಿದ್ದಾರೆ."

ಪಾಂದೆಲೆ ಎದ್ದ. "ಕೂತ್ಕೊ ತ್ಸಾತ್ಸಾ! ಮನೆಯೋರ ಹೊಟ್ಟೆ ಮೇಲೇ ಹೊಡೀತೀಯಲ್ಲ, ನಾಚ್ಕೆ ಆಗಲ್ವಾ?"

"ನಿನ್ನ ಹೊಲದ ಗಾಳಿನೇ ಕಣೋ ಹಿಡಿದಿದ್ದು. ಅದಕ್ಕೆ ನಾತ ಇಲ್ಲ, ಅದಕ್ಕೇ ನಿನಗೆ ಗೊತ್ತಾಗ್ಲಿಲ್ಲ, ಅಷ್ಟೆ."

ಯಾರೋ ನಕ್ಕರು. ಬಲಬನ್ ಮೈಕಿನಲ್ಲಿ, "ಈಕೆ ಗೋದಾಮಿನವಳು, ಲೆಕ್ಕ ಇವಳಿಗೇನು ಗೊತ್ತು," ಎಂದರು.

"ಲೆಕ್ಕ ನನಗೆ ಗೊತ್ತಿಲ್ಲ. ಗೊತ್ತಿರೋನು ಅಲ್ಲಿ ಕೂತಿದಾನೆ. ಇಯೋರ್ಗು, ನನ್ನ ಆರು ದಿನ ವಾಪಸ್ ಹಾಕು. ಇವರ ಎದುರಿಗೇ ಹಾಕು."

ಇನ್ನೂರು ತಲೆ ನನ್ನ ಕಡೆ ತಿರುಗಿತು. ಆ ಹೊತ್ತಿನಲ್ಲಿ ನನಗೆ ಧೈರ್ಯ ಬಂತು ಎಂದರೆ ಸುಳ್ಳಾಗುತ್ತದೆ. ಆಕೆಯ ಮುಖ ನೋಡಲಾಗದೆ ಕೀಲಿಮಣೆ ನೋಡಿದೆ, ಕೈ ತಾನಾಗಿ ಆಡಿತು. ಸಾಲುಗಳು ಒಂದೊಂದಾಗಿ ಮರಳಿದವು. ಅಂಕ ನಲವತ್ತೊಂದಾಯಿತು, ನಲವತ್ತಾರಾಯಿತು, ಐವತ್ತೆರಡಕ್ಕೆ ನಿಂತಿತು.

ಮುಂದಿನ ಸಾಲಿನಲ್ಲಿ ಗಿರಣಿಯ ಹಿರಿಯ ತನ್ನ ಟೋಪಿ ಎತ್ತಿಕೊಂಡ. ಬಲಬನ್ ನನ್ನನ್ನು ನೋಡಿದ ನೋಟಕ್ಕೆ ಹಸಿ ಕಟ್ಟಿಗೆ ಹೊತ್ತಿಕೊಳ್ಳಬೇಕು.

ಆಗ ನನಗೊಂದು ನೆನಪಾಯಿತು. ಪಾಂದೆಲೆಯ ಹೊಲದ ಒಂದು ಮೂಲೆಯಲ್ಲಿ ಗೊಬ್ಬರ ಎರಚುವ ಯಂತ್ರ ಕೆಟ್ಟು, ಅರ್ಧ ಯೂರಿಯಾ ಮೊದಲು, ಉಳಿದರ್ಧ ಮೂರು ವಾರ ಬಿಟ್ಟು ಬಿದ್ದಿತ್ತು. ಅಲ್ಲಿನ ನಾಲ್ಕು ಬಳೆಗಳಲ್ಲಿ ನೈಟ್ರಸ್ ಆಕ್ಸೈಡ್ ಕಡಿಮೆ ಬಂದಿತ್ತು. ಆ ಅಳತೆಯನ್ನೇ ಎಲ್ಲ ಹೊಲಗಳ ಲೆಕ್ಕಕ್ಕೆ ಹಾಕಿದರೆ ನಲವತ್ತನಾಲ್ಕು ಬರುತ್ತಿತ್ತು. ನಾನು ಎದ್ದು ನಿಂತು ಹೇಳಿಬಿಟ್ಟೆ. ಗಿರಣಿಯವನು ಟೋಪಿ ಕೆಳಗಿಟ್ಟ. ರೈತರು ಗುಜುಗುಜು ಮಾಡಿದರು. ಪಾಂದೆಲೆ, "ನೋಡ್ದಾ! ಹಾಕಿ ಅದನ್ನ, ಇವತ್ತೇ ಹಾಕಿ!" ಎಂದ.

ನನ್ನ ಮಾತಿಂದ ಆಕೆಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ.

"ಒಂದು ಮೂಲೆ, ನಾಲ್ಕು ಬಳೆ, ಒಂದೇ ವರ್ಷ," ಎಂದಳು ತ್ಸಾತ್ಸಾ. "ಅವ್ರು ಬೇಡವಾದ್ದನ್ನ ತೆಗೆದ್ರು, ನೀನು ಬೇಕಾದ್ದನ್ನ ಹಿಗ್ಗಿಸ್ತಿದೀಯ. ಏನಯ್ಯಾ ವ್ಯತ್ಯಾಸ? ಅದಕ್ಕೂ ನಾನು ಸಹಿ ಹಾಕಲ್ಲ. ಎರಡು ವರ್ಷ ಕೊಡಿ. ಎಲ್ಲಾ ಹೊಲದಲ್ಲೂ ಗೊಬ್ಬರಾನ ಎರಡು ಸಲಕ್ಕೆ ಹಂಚಿ ಹಾಕಿ. ನಾನು ಅಳೀತೀನಿ. ಎಷ್ಟು ಬಂದ್ರೆ ಅಷ್ಟು."

ಇಷ್ಟು ಹೇಳಿ ಕೂತಳು. ಆಕೆಯ ಪರ ಯಾರೂ ಕೈ ತಟ್ಟಲಿಲ್ಲ. ಹೊರಗೆ ಯಾರೋ ಆಕೆಯ ಸೈಕಲ್ಲಿನ ಗಾಳಿ ತೆಗೆದಿದ್ದರು. ಆಕೆ ಅದನ್ನು ತಳ್ಳಿಕೊಂಡು ಹೋಗುವಾಗ ನಾನು ಹಿಂದೆ ಓಡಿ, "ಆ ಸಹಿ ಹಾಕಿದ್ದು ನಾನು ತ್ಸಾತ್ಸಾ," ಎಂದೆ.

"ಗೊತ್ತು. ನಾಳೆಯಿಂದ ನೀನೂ ಮಳೇಲಿ ಬರ್ತೀಯ."

ಆ ವರ್ಷ ನಮ್ಮ ರಾಪಿತ್ಸಾ ಅಡುಗೆ ಎಣ್ಣೆಯ ದರಕ್ಕೆ ಹೋಯಿತು. ರೊಟ್ಟಿ ಅಂಗಡಿಯಲ್ಲಿ ಹೆಂಗಸರು ತ್ಸಾತ್ಸಾಳಿಗೆ ಬೆನ್ನು ತಿರುಗಿಸಿದರು. ಆಕೆ ಸರದಿಯಲ್ಲಿ ಅವರ ಬೆನ್ನಿಗೇ "ಶುಭದಿನ" ಹೇಳಿ ನಿಲ್ಲುತ್ತಿದ್ದಳು. ಪಾಂದೆಲೆ ಎರಡು ಈಸ್ಟರ್ ಅಕ್ಕನ ಮನೆಗೆ ಬರಲಿಲ್ಲ. ಶರತ್ಕಾಲದಲ್ಲಿ ಮೇಲಿನವರು ತಪಾಸಣೆಗೆ ಬಂದರು. ಹರಿದ ಹಾಳೆಯ ಕಥೆ ನಾನೇ ಹೇಳಿದೆ. ಬಲಬನ್ ಬೇರೆ ಜಿಲ್ಲೆಗೆ ಹೋದರು. ನನ್ನ ಹೆಸರಿನ ಮುಂದೆಯೂ ಒಂದು ಕೆಂಪು ಗೆರೆ ಬಿತ್ತು, ಅದು ಈಗಲೂ ಇದೆ. ತ್ಸಾತ್ಸಾ ಗೋದಾಮಿನಿಂದ ಹೊಲಕ್ಕೆ ಮರಳಿದಳು.

ಎರಡು ವಸಂತ ನಾವಿಬ್ಬರೂ ಮೊಣಕಾಲೂರಿದೆವು. ಮಳೆಯಲ್ಲಿ ಸೀಸೆಯ ಮೇಲೆ ತಾರೀಖು ಬರೆಯುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು. ಕೊನೆಗೆ ಏರು ಹೊಲಗಳಲ್ಲಿ ಅಂಕ ನಲವತ್ತೈದಕ್ಕೆ ಬಂತು. ನೀರು ನಿಲ್ಲುವ ತಗ್ಗು ಹೊಲಗಳಲ್ಲಿ ಗೊಬ್ಬರ ಎಷ್ಟು ಸಲ ಹಂಚಿ ಹಾಕಿದರೂ ಐವತ್ತರ ಕೆಳಗೆ ಇಳಿಯಲಿಲ್ಲ. ತ್ಸಾತ್ಸಾ ಏರು ಹೊಲಗಳ ಹಸಿರು ಇಂಧನದ ಪಟ್ಟಿಗೆ ಸಹಿ ಹಾಕಿದಳು. ತಗ್ಗಿನ ಪಟ್ಟಿಯನ್ನು ಹಾಗೇ ಪಕ್ಕಕ್ಕೆ ಸರಿಸಿದಳು. ತಗ್ಗಿನಲ್ಲಿ ಅತಿ ದೊಡ್ಡ ಹೊಲ ಪಾಂದೆಲೆಯದು, ಅದರ ಅಂಕ ಐವತ್ತೆರಡು.

ಅವನು ಕೆಸರು ಬೂಟಿನಲ್ಲೇ ಪ್ರಯೋಗಾಲಯಕ್ಕೆ ನುಗ್ಗಿದ. "ಊರೆಲ್ಲಾ ಪಾಸು, ಒಡಹುಟ್ಟಿದೋನು ಫೇಲು! ಎರಡೇ ಎರಡು ಅಂಕ ಕಮ್ಮಿ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಐದು ಅಂಕ. ಲೆಕ್ಕನಾದ್ರೂ ಸರಿಯಾಗಿ ಹೇಳು."

"ಮತ್ತೆ ನಾನೇನ್ ಹಾಕ್ಲಿ ಆ ಹೊಲಕ್ಕೆ?"

"ಕುದುರೆ ಮೆಂತ್ಯ ಹಾಕು, ಮೇವಿಗೆ. ಯೂರಿಯಾನೇ ಬೇಡ ಅದಕ್ಕೆ."

"ಮೇಯೋಕೆ ದನ ಎಲ್ಲಿವೆ ನನ್ಹತ್ರ?"

"ಅದನ್ನ ನನ್ ಕೇಳ್ಬೇಡ. ನಾನು ಗಾಳಿ ಅಳೆಯೋಳು." ಆಕೆ ಸೀಸೆಯಿಂದ ತಲೆ ಎತ್ತಲಿಲ್ಲ.

ಅವನು ಗೋಡೆಗೊರಗಿದ್ದ ಸ್ಟೂಲು ಎಳೆದುಕೊಂಡು, ಗೊಣಗುತ್ತ, ಆಕೆಯ ಎದುರು ಕೂತ.